ಮಗಳಿಗೊಂದು ಪತ್ರ: ಕೋಳಿ ಮೊಟ್ಟೆ ಇಟ್ಟ ಜೀಪು

ಸೋಮವಾರಪೇಟೆ

ಪುಟ್ಟಿ,

ನೀನು ಕೊಳ್ಳಬೇಕು ಅಂತಿರುವ ಸೆಕೆಂಡ್ ಹ್ಯಾಂಡ್ ಕಾರಿನ ಫೋಟೋ ನೋಡಿದೆ. ಕೆಂಪು ಬಣ್ಣ, ನೆಲಕ್ಕೆ ತಗ್ಗಿ ಕೂತ ಮೈ, ಚೆಂದ ಇದೆ. ಆದರೆ ನಾಲ್ಕು ಬಾಗಿಲು, 590 ಲೀಟರ್ ಡಿಕ್ಕಿ ಇರುವ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ಸನ್ನು ನೀನು ಸ್ಪೋರ್ಟ್ಸ್ ಕಾರು ಅಂದದ್ದಕ್ಕೆ ಅಪ್ಪ ನಕ್ಕರು. "ಗೊಬ್ಬರದ ಚೀಲ ಹಾಕಬಹುದಲ್ಲ" ಅಂದರು. 230 ಪಿಎಸ್ ಶಕ್ತಿಯ ಎಂಜಿನ್ ಅಂತ ನಾನು ಓದಿ ಹೇಳಿದ ಮೇಲೆ ಸುಮ್ಮನಾದರು.

ಅಪ್ಪ ನಿನಗೆ ಗುಟ್ಟಾಗಿ ಐದು ಲಕ್ಷ ಕೊಡುತ್ತೇನೆ ಅಂದಿರುವುದು ನನಗೆ ಗೊತ್ತು. ತೋಟದ ಲೆಕ್ಕ ಬರೆಯುವವಳು ನಾನು, ಮರೀಬೇಡ. 2024ರಲ್ಲಿ ರೋಬಸ್ಟಾ ಚೆರ್ರಿ ಕಾಫಿ ಐವತ್ತು ಕೆಜಿ ಚೀಲಕ್ಕೆ ಹತ್ತು ಸಾವಿರ ದಾಟಿದ್ದೇ ತಡ, ಇವರ ಕೈ ನಿಲ್ಲುತ್ತಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಓಡಿಸಬೇಕು, ಹಳೇ ಪಂಪು ಈ ಸಲ ಉಳಿಯುವುದಿಲ್ಲ. ಆ ಐದು ಲಕ್ಷ ಇಲ್ಲ ಅಂದುಕೋ. ನಿನ್ನ ದುಡ್ಡಿನಲ್ಲೇ ಲೆಕ್ಕ ಹಾಕೋಣ.

ಅದಕ್ಕೂ ಮೊದಲು ಜೀಪಿನ ಕತೆ. ನೀನು ಹುಟ್ಟುವ ಮುಂಚೆ, ಒಂದು ಮಾರ್ಚಿನಲ್ಲಿ ಕಾಫಿ ಮಾರಿದ ದುಡ್ಡು ಅಷ್ಟನ್ನೂ ಕೊಟ್ಟು ಅಪ್ಪ ಸೆಕೆಂಡ್ ಹ್ಯಾಂಡ್ ಜೀಪು ತಂದರು. ಎರಡು ತಿಂಗಳು ಊರೆಲ್ಲ ಸುತ್ತಿದ್ದೇ ಸುತ್ತಿದ್ದು. ಜೂನ್ ಮಳೆ ಹಿಡಿದ ವಾರವೇ ಗೇರ್‌ಬಾಕ್ಸ್ ಹೋಯಿತು. ಮೆಕ್ಯಾನಿಕ್ ಹೇಳಿದ ಮೊತ್ತ ನಮ್ಮ ಹತ್ತಿರ ಇರಲಿಲ್ಲ, ಮುಂದಿನ ಕಾಫಿ ಬರುವವರೆಗೆ ಬರುವಂತೆಯೂ ಇರಲಿಲ್ಲ. ಜೀಪು ಶೆಡ್ಡಿನಲ್ಲಿ ಟಾರ್ಪಾಲ್ ಹೊದ್ದು ಏಳು ತಿಂಗಳು ಮಲಗಿತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟು ಮರಿಯನ್ನೂ ಮಾಡಿತು. ನಾನು ಸಂತೆಗೆ ಬಸ್ಸಿನಲ್ಲೇ ಹೋಗಿಬಂದೆ. ಜೀಪು ಕೆಟ್ಟದ್ದೇನೂ ಅಲ್ಲ, ಆಮೇಲೆ ಹನ್ನೊಂದು ವರ್ಷ ಓಡಿತು. ಕೊಂಡ ದಿನವೇ ಜೇಬು ಖಾಲಿ ಮಾಡಿಕೊಂಡದ್ದು ನಮ್ಮ ತಪ್ಪು.

ಈಗ ನಿನ್ನದು. ಕೈಯಲ್ಲಿ ಹನ್ನೆರಡು ಲಕ್ಷ, ಸಾಲ ಎಂಟು, ಕಾರು ಮಾರುವವನು ಕೇಳುತ್ತಿರುವುದು ಇಪ್ಪತ್ತು. ಸರಿಯಾಗಿ ಕೂತಿತು ಅಂತ ನೀನು ಖುಷಿಯಲ್ಲಿದ್ದೀಯ. ನನಗೆ ಅಲ್ಲೇ ಭಯ. ಎಂಟು ಲಕ್ಷಕ್ಕೆ ಶೇಕಡ 12ರಂತೆ ಐದು ವರ್ಷ ಅಂದರೆ ತಿಂಗಳಿಗೆ ಸುಮಾರು 17,800. ಬಡ್ಡಿಯೇ 2.68 ಲಕ್ಷದ ಹತ್ತಿರ. ಊರೊಳಗೆ ಲೀಟರಿಗೆ ಹತ್ತು ಕಿಲೋಮೀಟರ್ ಕೊಟ್ಟರೂ, ತಿಂಗಳಿಗೆ ಎಂಟುನೂರು ಕಿಲೋಮೀಟರಿಗೆ ಪೆಟ್ರೋಲ್ ಎಂಟು ಸಾವಿರ ದಾಟುತ್ತದೆ. ನಿನ್ನ ಬಾಡಿಗೆ ಇದರ ಮೇಲೆ. ಇನ್ಶೂರೆನ್ಸ್ ಕೂಡ ವಿಚಾರಿಸು. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅದೇ ಅವನ ನೋ ಕ್ಲೇಮ್ ಬೋನಸ್, ಅವನ ಜೊತೆಗೇ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. ಪಾಲಿಸಿ ವರ್ಗಾವಣೆಗೆ ಹದಿನಾಲ್ಕು ದಿನದೊಳಗೆ ಅರ್ಜಿ ಹಾಕಬೇಕು.

ಹಾಗಾಗಿ ನನ್ನ ಮಾತು ಇಷ್ಟೇ: ಇಪ್ಪತ್ತು ಲಕ್ಷ ಇದ್ದರೆ ಹದಿನೇಳು ಲಕ್ಷದ ಕಾರು ನೋಡು. ಮೂರು ಲಕ್ಷ ಮೊದಲ ಮಳೆಗಾಲಕ್ಕೆ ಇರಲಿ. ಇಲ್ಲವಾದರೆ ಇನ್ನೊಂದು ವರ್ಷ ಕಾಯಿ. "2017ರಲ್ಲಿ ಬಂದದ್ದೇ ಐನೂರು ಕಾರು ಮೇಡಂ, ಎಲ್ಲಿ ಸಿಗುತ್ತೆ" ಅಂತ ಅವನು ಹೇಳುತ್ತಾನೆ. ಹೌದು, ಅದಕ್ಕೇ ಆಗ 24.62 ಲಕ್ಷ ಎಕ್ಸ್ ಶೋರೂಮ್ ಇದ್ದದ್ದಕ್ಕೆ ಇವತ್ತೂ ಇಪ್ಪತ್ತು ಕೇಳುವ ಧೈರ್ಯ. ಅಪರೂಪ ಅನ್ನುವುದು ಮಾರುವವನ ಲಾಭ, ನಿನ್ನದಲ್ಲ.

ದೆಹಲಿಯಲ್ಲಿ ಕಡಿಮೆಗೆ ಸಿಗುತ್ತದೆ ಅಂತ ನಿನ್ನ ಸ್ನೇಹಿತ ಹೇಳಿದನಂತಲ್ಲ, ಆ ದಾರಿ ಬೇಡ. ಅಲ್ಲಿಯ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ತರಬೇಕು, ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ಉಳಿದದ್ದು ಅಲ್ಲೇ ಕರಗುತ್ತದೆ.

ನೋಡಲು ಹೋಗುವಾಗ ಬೆಳಿಗ್ಗೆ ಹೋಗು. "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಹಿಂದಿನ ದಿನವೇ ಹೇಳು. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡು. ಬಿಸಿ ಇದ್ದರೆ ಅವನು ಏನನ್ನೋ ಮುಚ್ಚುತ್ತಿದ್ದಾನೆ ಅಂತ ಅನುಮಾನಪಡು. ತಣ್ಣಗಿರುವ ಎಂಜಿನ್ ಹಚ್ಚಿದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ. ಮೀಟರು 60,000 ದಾಟಿದ್ದರೆ, ಆರು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲನ್ನು 60,000 ಕಿಲೋಮೀಟರಿಗೆ ಬದಲಿಸಿದ ಬಿಲ್ ಕೇಳು. ಬಾಯಿಮಾತು ಬೇಡ, ಕಾಗದ ಬೇಕು. ಮೀಟರಿನಲ್ಲಿ 40,000 ಇದ್ದು ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದ್ದರೆ ಮೀಟರು ಹಿಂದಕ್ಕೆ ತಿರುಗಿಸಿರಬಹುದು, ಅಲ್ಲೇ ಕೈಮುಗಿದು ಎದ್ದು ಬಾ.

ಇನ್ನೊಂದು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡು. 2018ರ ಆಗಸ್ಟಿನಲ್ಲಿ ಮಡಿಕೇರಿ ಕಡೆ ನೆರೆ ಬಂದು ಏನಾಯಿತು ಅಂತ ನೀನು ಕಣ್ಣಾರೆ ಕಂಡವಳು. ನೀರು ನುಗ್ಗಿದ ಕಾರನ್ನು ಎಷ್ಟು ತೊಳೆದರೂ ಬೆಲ್ಟಿನ ಒಳಸುತ್ತಿನಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ತುಕ್ಕಿದೆಯಾ ನೋಡು. ಮೂಗಿಗೂ ಕೆಲಸ ಕೊಡು. ಪರ್ಫ್ಯೂಮ್ ಜಾಸ್ತಿ ಹೊಡೆದಿದ್ದರೆ ನನಗಂತೂ ನಂಬಿಕೆ ಬರುವುದಿಲ್ಲ.

ಕಾಗದಪತ್ರದ್ದು ನಿನಗೇ ಗೊತ್ತು. ಅವನ ಸಾಲ ತೀರಿದೆಯಾ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಿದ್ದಾನಾ ಅಂತ ನೋಡಿ ಆಮೇಲೆ ಅಡ್ವಾನ್ಸ್ ಕೊಡು. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ನೀನು ಎದುರಿಗಿದ್ದೇ ಸಹಿ ಹಾಕಿಸು.

ಮನೆಗೆ ತರುವಾಗ ಒಂದು ವಿಷಯ. ಗೇಟಿನಿಂದ ಮನೆವರೆಗಿನ ಮಣ್ಣುರಸ್ತೆಯಲ್ಲಿ ಅದರ ಹೊಟ್ಟೆ ತಾಗುತ್ತದೆ. ಬಸ್ ಸ್ಟಾಪಿನ ಹತ್ತಿರ ನಿಲ್ಲಿಸು, ಅಪ್ಪ ಈಗಿನ ಜೀಪು ತರುತ್ತಾರೆ. ಅವರು ಕೀ ಕೇಳುತ್ತಾರೆ. ಮೊದಲ ದಿನ ಕೊಡಬೇಡ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಅಂತಿದ್ದರೆ 2019ರ ಇಪ್ಪತ್ತಮೂರನೇ ವಾರದ್ದು. ಗೀರು ಎಷ್ಟೇ ಆಳವಿದ್ದರೂ ಹಳೇ ರಬ್ಬರ್ ಗಟ್ಟಿಯಾಗಿ ನಮ್ಮ ಮಳೆ ರಸ್ತೆಯಲ್ಲಿ ಜಾರುತ್ತದೆ. ಹೊಸದು ನಾಲ್ಕಕ್ಕೆ ಐವತ್ತು ಸಾವಿರದ ಹತ್ತಿರ ಆಗುತ್ತದಂತೆ, ಕುಶಾಲನಗರದಲ್ಲಿ ವಿಚಾರಿಸಿದೆ. ಶನಿವಾರ ಹೋದಾಗ ನಾಲ್ಕೂ ಟೈರಿನದ್ದು ಫೋಟೋ ತೆಗೆದು ಕಳಿಸು. ಸ್ಟೆಪ್ನಿದೂ.

ಅಮ್ಮ