ಒಂದು ಪದಕ್ಕೆ ಗೆರೆ ಎಳೆದವರಿಗೆ

ಹನ್ನೊಂದು ವರ್ಷ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ, ಹೋಬಾರ್ಟ್‌ನಿಂದ ಬ್ರೂನಿ ದ್ವೀಪಕ್ಕೆ ಪ್ರವಾಸಿಗರ ಬಸ್ಸು ಓಡಿಸಿದೆ. ಮೊನ್ನೆ ಶುಕ್ರವಾರ ನಿವೃತ್ತನಾದೆ. ಕೆಟರಿಂಗ್‌ನಲ್ಲಿ ಬಸ್ಸನ್ನು ಹಡಗಿಗೆ ಹತ್ತಿಸಲು ಕೈಸನ್ನೆ ಮಾಡುತ್ತಿದ್ದ ಹುಡುಗರಿಗೆ ಧನ್ಯವಾದ. ಪೆಂಗ್ವಿನ್ ಕಾಣಲಿಲ್ಲವೆಂದು ಮುನಿಸಿಕೊಂಡರೂ ಚಕ್ಕುಲಿ ಡಬ್ಬಿ ನನಗೇ ಬಿಟ್ಟುಹೋದ ಕನ್ನಡದ ಅತಿಥಿಗಳಿಗೂ.

ಆದರೆ ದೊಡ್ಡ ಋಣವಿರುವುದು ಒಬ್ಬ ಹಿರಿಯ ಮಹಿಳೆಗೆ. ಮೊದಲ ವರ್ಷ, ಕಚೇರಿಯವರು ಕೊಟ್ಟ ಹಾಳೆಯನ್ನು ಬಾಯಿಪಾಠ ಮಾಡಿಕೊಂಡು, “ಟ್ರುಗನಿನಿ ಟಾಸ್ಮೇನಿಯಾದ ಕೊನೆಯ ಮೂಲನಿವಾಸಿ” ಎಂದು ಮೈಕಿನಲ್ಲಿ ಹೇಳುತ್ತಿದ್ದೆ. ಒಂದು ದಿನ ಎಲ್ಲರೂ ಇಳಿದ ಮೇಲೆ ಅವರು ಆ ಹಾಳೆ ಕೇಳಿ ಪಡೆದು, ‘ಕೊನೆಯ’ ಎಂಬ ಪದವನ್ನು ಪೆನ್ನಿನಿಂದ ಗೆರೆ ಎಳೆದು ಹೊಡೆದುಹಾಕಿದರು. “ನಾನು ಪಲಾವಾ. ನನ್ನ ಮೊಮ್ಮಕ್ಕಳು ಇಲ್ಲೇ ಶಾಲೆಗೆ ಹೋಗುತ್ತಾರೆ” ಎಂದರು, ಅಷ್ಟೇ. ಪಲಾವಾ ಎಂದರೆ ಟಾಸ್ಮೇನಿಯಾದ ಮೂಲನಿವಾಸಿಗಳು. ಬೈದಿದ್ದರೆ ವಾಸಿಯಿತ್ತು.

ಓದಲು ಕೂತದ್ದು ಆಮೇಲೆ. 1869ರಲ್ಲಿ ತಮ್ಮವರೇ ಆದ ಮೂಲನಿವಾಸಿ ವಿಲಿಯಂ ಲ್ಯಾನಿಯ ಶವವನ್ನು ವೈದ್ಯರು ಕೊಯ್ದು ಛಿದ್ರಗೊಳಿಸಿದ್ದನ್ನು ಬಲ್ಲ ಟ್ರುಗನಿನಿ, ತನ್ನನ್ನು ಕೊಯ್ಯಬೇಡಿರೆಂದು ಅಂಗಲಾಚಿದ್ದರು. 1876ರಲ್ಲಿ ತೀರಿಕೊಂಡರು. ಎರಡೇ ವರ್ಷಕ್ಕೆ ಸಮಾಧಿ ಅಗೆದರು. 1904ರಿಂದ 1947ರವರೆಗೆ ಅವರ ಅಸ್ಥಿಪಂಜರ ಹೋಬಾರ್ಟ್‌ನ ವಸ್ತುಸಂಗ್ರಹಾಲಯದಲ್ಲಿ ನೋಟದ ವಸ್ತುವಾಗಿತ್ತು. ‘ಕೊನೆಯವಳು’ ಎಂದುಬಿಟ್ಟರೆ ಮೂಳೆ ಕೇಳಲು ವಾರಸುದಾರರೇ ಇರುವುದಿಲ್ಲ, ಎಂಥ ಅನುಕೂಲ! ವಾರಸುದಾರರು ಇದ್ದರು: ಟಾಸ್ಮೇನಿಯಾದ ಉತ್ತರಕ್ಕಿರುವ ಬಾಸ್ ಜಲಸಂಧಿಯ ದ್ವೀಪಗಳಲ್ಲಿ, ಟ್ರುಗನಿನಿಯ ನಂತರವೂ ಬದುಕಿದ್ದ ಮೂಲನಿವಾಸಿ ಮಹಿಳೆ ಫ್ಯಾನಿ ಕಾಕ್ರೇನ್ ಸ್ಮಿತ್ ಅವರ ವಂಶದಲ್ಲಿ. ಕೇಳಿದರು, ಪಟ್ಟು ಬಿಡಲಿಲ್ಲ. 1976ರಲ್ಲಿ ದಹನವಾಯಿತು, ಬೂದಿ ಡಾಂಟ್ರಕ್ಯಾಸ್ಟೊ ಜಲಸಂಧಿಯ ನೀರು ಸೇರಿತು. ಲಂಡನ್ನಿನಲ್ಲಿ ಉಳಿದಿದ್ದ ಕೂದಲು, ಚರ್ಮ ಮರಳಿದ್ದು 2002ರಲ್ಲಿ. ವಸ್ತುಸಂಗ್ರಹಾಲಯ ಕ್ಷಮೆ ಕೇಳಿದ್ದು 2021ರಲ್ಲಿ.

ನಮ್ಮ ಹಡಗು ದಿನವೂ ದಾಟುತ್ತಿದ್ದುದು ಅದೇ ಜಲಸಂಧಿಯನ್ನು. ಅದರ ನಟ್ಟನಡುವೆ ನಾನು ಆಚೆ ದಡದಲ್ಲಿ ಒಳ್ಳೆಯ ಸಿಂಪಿ ಎಲ್ಲಿ ಸಿಗುತ್ತದೆಂದು ವಿವರಿಸುತ್ತಿದ್ದೆ.

ಆ ತಾಯಿ ಮತ್ತೆ ಮೂರು ಬಾರಿ ನನ್ನ ಬಸ್ಸು ಹತ್ತಿದರು. ಒಮ್ಮೆ ತಾವೇ ಪೋಣಿಸಿದ ಚಿಪ್ಪಿನ ಸರ ತೋರಿಸಿದರು. ಟ್ರುಗನಿನಿಯದೆನ್ನುವ ಅಂಥದೇ ಸರವೊಂದು ಇಂಗ್ಲೆಂಡಿನ ಎಕ್ಸೆಟರ್‌ನಿಂದ 1997ರಲ್ಲಿ ಊರಿಗೆ ಬಂದ ಕಥೆ ಹೇಳಿದರು. ಆ ಕಥೆಯನ್ನೂ ಮೈಕಿನಲ್ಲಿ ಹೇಳಬಹುದೇ ಎಂದು ಕೇಳಿದೆ. “ಸರಿಯಾಗಿ ಹೇಳುವುದಾದರೆ” ಎಂದು ನಕ್ಕರು. ಅಮ್ಮಾ, ಆ ನಗೆಗೂ ನಾನು ಋಣಿ.

ಹಳೆಯ ಹಾಳೆಯನ್ನು ಹೊಸ ಚಾಲಕನಿಗೆ ಒಪ್ಪಿಸಿದ್ದೇನೆ. ಗಲೀಜಾಗಿದೆ, ಬೇರೆ ಟೈಪ್ ಮಾಡಿಸಿ ಕೊಡಿ ಎಂದ. ಹೇಳಬೇಕಾದದ್ದನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದುಕೊಟ್ಟೆ. ಗೆರೆ ಎಳೆದದ್ದನ್ನು ಮಾತ್ರ ಹಾಗೆಯೇ ಇಟ್ಟುಕೊಳ್ಳಲು ಹೇಳಿದೆ.