ಡಿಸ್ಕ್ ಆರ್ಡರ್: ಹಳೇದೋ, ಹೊಸದೋ? ಶನಿವಾರದೊಳಗೆ ಹೇಳಿ

ಎಲ್ಲರಿಗೂ ನಮಸ್ಕಾರ. ಕಾನ್ಸರ್ಟ್ ಸಿನಿಮಾಗಳ (ವೇದಿಕೆಯ ಸಂಗೀತ ಕಾರ್ಯಕ್ರಮವನ್ನೇ ಚಿತ್ರೀಕರಿಸಿದ ಸಿನಿಮಾ) ಡಿಸ್ಕ್‌ಗೆ ಹೆಸರು ಕೊಟ್ಟವರು ಇದನ್ನು ಓದಿ. ಭಾನುವಾರ ಬೆಳಿಗ್ಗೆ ಆರ್ಡರ್ ಹಾಕುತ್ತೇವೆ.

ಹಳೇ ಆವೃತ್ತಿಯಲ್ಲಿದ್ದ ಹಾಡುಗಳೇ ಹೊಸ ಮರುಬಿಡುಗಡೆಯಲ್ಲಿ ಮಾಯ ಅಂತ ಗುಂಪಿನಲ್ಲಿ ಸಿಟ್ಟು ಜಾಸ್ತಿಯಾಗಿದೆ. ನ್ಯಾಯವೇ. ಪೂರ್ತಿ ದುಡ್ಡು ಕೊಟ್ಟು ಅರ್ಧ ಹಾಡು ಯಾಕೆ ಕೇಳಬೇಕು, ಅಲ್ವಾ? ಆದರೆ ಎಷ್ಟೋ ಸಲ ಕಾರಣ ಹಳೇ ಕರಾರು. ಹಾಡು ಬರೆದವರ ಹಕ್ಕು ಬೇರೆ, ರೆಕಾರ್ಡಿಂಗ್‌ನ ಹಕ್ಕು ಬೇರೆ. ಥಿಯೇಟರಿಗೆ ಅಂತ ಪಡೆದ ಅನುಮತಿ ಡಿಸ್ಕ್‌ಗೂ ಸ್ಟ್ರೀಮಿಂಗ್‌ಗೂ ನಡೆಯಬೇಕೆಂದಿಲ್ಲ. 1981ರ ಕಾನ್ಸರ್ಟ್ ಸಿನಿಮಾ ‘ಅರ್ಘ್! ಎ ಮ್ಯೂಸಿಕ್ ವಾರ್’ ಉದಾಹರಣೆ ತಗೊಳ್ಳಿ. ಹತ್ತಾರು ಬ್ಯಾಂಡ್‌ಗಳು, ಅಷ್ಟೂ ಕಡೆಯ ಒಪ್ಪಿಗೆ ಬೇಕು. ಡಿವಿಡಿ ಬಂದಿದ್ದು 2009ರಲ್ಲಿ!

ಉಲ್ಟಾ ಆಗಿದ್ದೂ ಉಂಟು. ಬ್ರಿಟಿಷ್ ರಾಕ್ ಗಾಯಕ ಡೇವಿಡ್ ಬೋವಿ 1973ರ ಜುಲೈ 3ರಂದು ಲಂಡನ್ನಿನಲ್ಲಿ ಕೊಟ್ಟ ‘ಜಿಗ್ಗಿ ಸ್ಟಾರ್‌ಡಸ್ಟ್’ ಕಾರ್ಯಕ್ರಮದ ಸಿನಿಮಾದಲ್ಲಿ ಜೆಫ್ ಬೆಕ್ ಗಿಟಾರ್ ನುಡಿಸಿದ ಭಾಗವೇ ಇರಲಿಲ್ಲ. 2023ರ ಆವೃತ್ತಿಯಲ್ಲಿ ಅದು ಸೇರಿತು. ಹಾಗಾಗಿ ಹಳೇದೇ ಒಳ್ಳೇದು ಅಂತ ಕಣ್ಣು ಮುಚ್ಚಿ ಹೇಳೋ ಹಾಗಿಲ್ಲ.

ಹಳೇ ಡಿಸ್ಕ್ ಅಥವಾ ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ ಇರುವವರು ಹಿಂಬದಿಯ ಹಾಡಿನ ಪಟ್ಟಿಯ ಫೋಟೊ ಹಾಕಿ. ಅಕ್ಷರ ಓದೋ ಹಾಗಿರಲಿ. ಬರೀ ಅವಧಿ ನೋಡಿ ತೀರ್ಮಾನಿಸಬೇಡಿ, ಕೊನೆಯಲ್ಲಿ ಓಡುವ ಹೆಸರುಗಳೇ ನಿಮಿಷಗಟ್ಟಲೆ ಇರುತ್ತವೆ. ಪಟ್ಟಿಯನ್ನೇ ಹೋಲಿಸಿ. ‘ಬೋನಸ್’ ಅಂತ ಬೇರೆ ಹಾಕಿದ ಹಾಡುಗಳನ್ನೂ ಎಣಿಸಿ.

ಶನಿವಾರ ರಾತ್ರಿ 9ರೊಳಗೆ ‘ಹಳೇದು’, ‘ಹೊಸದು’ ಅಥವಾ ‘ಬೇಡ’ ಅಂತ ಉತ್ತರಿಸಿ. ಸುಮ್ನೆ ಥಂಬ್ಸ್‌ಅಪ್ ಒತ್ತಿದರೆ ಲೆಕ್ಕಕ್ಕಿಲ್ಲ. ಕದ್ದ ಕಾಪಿಯ ಲಿಂಕ್ ಮಾತ್ರ ಇಲ್ಲಿ ಬೇಡ, ದಯವಿಟ್ಟು.