ಭಾನುವಾರದ ಮಾತುಕತೆ: ಪ್ರಾಡೊದಲ್ಲಿ ಸಿಡಿಮದ್ದು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಎಂದಿನಂತೆ ಗ್ರೂಪ್ ಕಾಲ್‌ನಲ್ಲಿ ಸೇರೋಣ. ವಿಷಯ: ಚೀನಾ ಮೂಲದ ಕಲಾವಿದ ತ್ಸಾಯ್ ಗುವೊ-ಚ್ಯಾಂಗ್ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂಗೆ ಅತಿಥಿಯಾಗಿ ಹೋಗಿ ಮಾಡಿದ ಕೆಲಸ.

2017ರಲ್ಲಿ ಪ್ರಾಡೊ ಮ್ಯೂಸಿಯಂ ತ್ಸಾಯ್ ಅವರನ್ನು ಕರೆಸಿ, ಸಲೋನ್ ದೆ ರೈನೋಸ್ ಎಂಬ ಹಳೆಯ ಅರಮನೆಯ ಸಭಾಂಗಣವನ್ನೇ ಸ್ಟುಡಿಯೊ ಮಾಡಿಕೊಟ್ಟಿತು. ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್‌ನ 'ಬ್ರೆಡಾದ ಶರಣಾಗತಿ' ಚಿತ್ರ 17ನೇ ಶತಮಾನದಲ್ಲಿ ಇದ್ದದ್ದು ಅಲ್ಲೇ. ತ್ಸಾಯ್ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಬಣ್ಣದ ಸಿಡಿಮದ್ದಿನ ಪುಡಿ ಉದುರಿಸಿ, ಮೇಲೆ ರಟ್ಟು ಮುಚ್ಚಿ, ಕಲ್ಲು ಹೇರಿ, ಬತ್ತಿಗೆ ಬೆಂಕಿ ಇಟ್ಟರು. ಢಮ್! ಸಹಾಯಕರು ಓಡಿಬಂದು ಕಿಡಿ ಆರಿಸಿದ ಮೇಲೆ ಉಳಿದ ಸುಟ್ಟ ಗುರುತೇ ಚಿತ್ರ. ಒಂದಂತೂ 18 ಮೀಟರ್ ಉದ್ದವಿದೆ.

ತ್ಸಾಯ್ ಅವರಿಗೆ ಹುಚ್ಚು ಹಿಡಿಸಿದವನು ಹಳೆಯ ಚಿತ್ರಕಾರ ಎಲ್ ಗ್ರೆಕೊ (ಹುಟ್ಟಿನಿಂದ ಸ್ಪೇನಿನವನಲ್ಲ, ಕ್ರೀಟ್ ದ್ವೀಪದವನು, ಟೊಲೆಡೊದಲ್ಲಿ ನೆಲೆಸಿದ ಮೇಲೂ ಗ್ರೀಕ್ ಲಿಪಿಯಲ್ಲೇ ಸಹಿ ಹಾಕುತ್ತಿದ್ದ). ನನಗೆ ಎಲ್ಲವೂ ಹಿಡಿಸಿಲ್ಲ. ಕೆಲವು ಬರೀ ಗದ್ದಲ. ಆದರೆ ಎಲ್ ಗ್ರೆಕೊನ ಜ್ವಾಲೆಯಂಥ ನೀಳ ದೇಹಗಳಿಗೆ ನಿಜವಾದ ಬೆಂಕಿಯಿಂದಲೇ ಉತ್ತರ ಕೊಟ್ಟದ್ದು ಮಾತ್ರ ಸೊಗಸು.

ಬರುವ ಮುಂಚೆ ಪ್ರಾಡೊ ವೆಬ್‌ಸೈಟ್‌ನಲ್ಲಿ ಎಲ್ ಗ್ರೆಕೊ, ವೆಲಾಸ್ಕೆಸ್, ಗೋಯಾ ಮೂವರ ಚಿತ್ರಗಳನ್ನು ಜೂಮ್ ಮಾಡಿ ನೋಡಿಟ್ಟುಕೊಳ್ಳಿ, ದುಡ್ಡೇನೂ ಕೊಡಬೇಕಿಲ್ಲ. ನಿಮಗೆ ಇಷ್ಟವಾದ ಒಂದನ್ನು ಶನಿವಾರ ರಾತ್ರಿಯೊಳಗೆ ಇಲ್ಲಿ ಹಾಕಿ. ಹಳೇ ಸಂಗ್ರಹವನ್ನು ಹೊರಗಿನವರು ಹೀಗೆ ಮುಟ್ಟಬಹುದೇ ಎಂಬ ಜಗಳಕ್ಕೂ ತಯಾರಾಗಿ ಬನ್ನಿ. ಕಾಲ್ ಲಿಂಕ್ ಭಾನುವಾರ ಬೆಳಿಗ್ಗೆ ಬರುತ್ತದೆ. ಅದು ಹೂತುಹೋಗದಂತೆ ಅವತ್ತೊಂದು ದಿನ ದಯವಿಟ್ಟು ಶುಭೋದಯದ ಚಿತ್ರಗಳು ಬೇಡ.